ಐಪ್ಯಾಡ್ ಪಾಸ್‌ಕೋಡ್ ಗೊತ್ತಿಲ್ಲ, ಯಜಮಾನರ ಹಾಡು ಒಳಗಿದೆ. ಏನು ಮಾಡಲಿ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ, ವಯಸ್ಸು 67. ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿದ್ದೇನೆ. ಅಮೆರಿಕದಲ್ಲಿರುವ ಮಗ 2022ರಲ್ಲಿ ಒಂದು ಐಪ್ಯಾಡ್ ತಂದುಕೊಟ್ಟ, ಕೆಳಗೆ ದುಂಡನೆಯ ಬಟನ್ ಇರುವಂಥದ್ದು. ದಿನಾ ಬೆರಳಿಟ್ಟು ತೆರೆಯುತ್ತಿದ್ದೆ. ರಜೆಗೆ ಬಂದಿದ್ದ ಒಂಬತ್ತು ವರ್ಷದ ಮೊಮ್ಮಗ ಹೊರಡುವ ಹಿಂದಿನ ದಿನ ಅದರ ಪಾಸ್‌ಕೋಡ್ ಬದಲಾಯಿಸಿದ್ದಾನೆ. ನನಗೆ ಗೊತ್ತೇ ಆಗಲಿಲ್ಲ. ಅವರು ಹೋಗಿ ಐದು ದಿನಕ್ಕೆ ಚಾರ್ಜ್ ಮುಗಿದು ಆಫ್ ಆಯಿತು. ಮತ್ತೆ ಆನ್ ಮಾಡಿದರೆ ಬೆರಳು ಒಪ್ಪಲಿಲ್ಲ, ಪಾಸ್‌ಕೋಡ್ ಕೇಳಿತು. ಹಳೆಯದು ಹಾಕಿದರೆ ತಪ್ಪು ಎಂದಿತು. ಮೊಮ್ಮಗನನ್ನು ಕೇಳಿದರೆ ‘ನನ್ನ ಬರ್ತ್‌ಡೇ ಇರಬೇಕು ಅಜ್ಜಿ’ ಅನ್ನುತ್ತಾನೆ. ಅದನ್ನೂ ಹಾಕಿದೆ, ಆಗಲಿಲ್ಲ. ಈಗ ‘ಒಂದು ಗಂಟೆ ಬಿಟ್ಟು ಪ್ರಯತ್ನಿಸಿ’ ಎಂದು ಬರುತ್ತಿದೆ. ನನ್ನ ಯಜಮಾನರು ಹೋಗಿ ಒಂದೂವರೆ ವರ್ಷವಾಯಿತು. ಅವರ ಕೊನೆಯ ವರ್ಷದ ಫೋಟೋಗಳು, ಅವರು ಹಾಡಿದ ದೇವರನಾಮಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇವೆ. ಶಿವಮೊಗ್ಗದ ಒಂದು ಅಂಗಡಿಯವರು 3,500 ರೂಪಾಯಿ ಕೊಟ್ಟರೆ ಏನೂ ಅಳಿಸದೆ ಲಾಕ್ ತೆಗೆದುಕೊಡುತ್ತೇವೆ ಅಂದಿದ್ದಾರೆ. ಕೊಡಬಹುದಾ?

ಉತ್ತರ: ಅಮ್ಮ, ಸದ್ಯಕ್ಕೆ ಕೊಡಬೇಡಿ. 3,500 ರೂಪಾಯಿಯ ಚಿಂತೆಗಿಂತ ಜಾಸ್ತಿ ನನಗೆ ಆ ಹಾಡುಗಳ ಚಿಂತೆ. ಆತುರದಲ್ಲಿ ಯಾರೋ ಒಂದು ಬಟನ್ ಒತ್ತಿಬಿಟ್ಟರೆ ಆಮೇಲೆ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಐಪ್ಯಾಡ್ ಮತ್ತೆ ಬಳಸಲು ಸಿಗುತ್ತದಾ? ಸಿಗುತ್ತದೆ, ಮಗ ಜೊತೆಗಿದ್ದರೆ ಒಂದು ಸಂಜೆಯ ಕೆಲಸ. ಒಳಗಿರುವುದು ಸಿಗುತ್ತದಾ? ಇದಕ್ಕೆ ಉತ್ತರ ಹುಡುಕಬೇಕು, ಮತ್ತು ಅದನ್ನು ಐಪ್ಯಾಡ್‌ನ ಹೊರಗೆ ಹುಡುಕಬೇಕು. ಹದಿನೈದು ವರ್ಷದಿಂದ ಫೋನು, ಟ್ಯಾಬ್ ರಿಪೇರಿ ಮಾಡುತ್ತಿದ್ದೇನೆ. ಇಂಥ ಕೇಸ್ ಬಂದಾಗ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಆತುರದಲ್ಲಿ ಎರಡನೆಯದನ್ನು ಹಾಳುಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಏನಾಯಿತು ಅಂತ ನೋಡೋಣ. ಪಾಸ್‌ಕೋಡ್ ಬದಲಾಯಿಸಬೇಕಾದರೆ ಹಳೆಯದನ್ನು ಹಾಕಲೇಬೇಕು. ಅಂದರೆ ಹಳೆಯದು ಮೊಮ್ಮಗನಿಗೆ ಗೊತ್ತಿತ್ತು. ಆಟ ಆಡಲು ನೀವೇ ಯಾವಾಗಲೋ ಹೇಳಿಕೊಟ್ಟಿರುತ್ತೀರಿ, ಎಲ್ಲ ಅಜ್ಜಿಯರೂ ಹೇಳಿಕೊಡುತ್ತಾರೆ. ಕೋಡ್ ಬದಲಾದರೂ ನಿಮ್ಮ ಬೆರಳಚ್ಚು ಹಾಗೇ ಉಳಿದಿತ್ತು, ಹಾಗಾಗಿ ಗೊತ್ತಾಗಲಿಲ್ಲ. ಆದರೆ ಐಪ್ಯಾಡ್ ಒಮ್ಮೆ ಪೂರ್ತಿ ಆಫ್ ಆಗಿ ಆನ್ ಆದರೆ ಮೊದಲ ಸಲ ಪಾಸ್‌ಕೋಡ್ ಕೊಡಲೇಬೇಕು, ಅದಕ್ಕೆ ಮುಂಚೆ ಬೆರಳು ನಡೆಯುವುದಿಲ್ಲ. ಬೆರಳು ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ.

ಇದೇ ತೊಂದರೆಯಲ್ಲಿರುವ ಬೇರೆಯವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕೋಡ್ ಮರೆತಿದೆ, ಆದರೆ ಬೆರಳು ಅಥವಾ ಮುಖ ತೋರಿಸಿದರೆ ಇನ್ನೂ ತೆರೆಯುತ್ತಿದೆ ಅನ್ನುವವರು ದಯವಿಟ್ಟು ಅದನ್ನು ಆಫ್ ಮಾಡಬೇಡಿ. ಚಾರ್ಜರ್‌ಗೆ ಹಾಕಿ, ಈಗಲೇ ತೆರೆದು, ಬೇಕಾದ ಫೋಟೋ, ವಿಡಿಯೋಗಳನ್ನು ಗೂಗಲ್ ಫೋಟೋಸ್‌ಗೋ ವಾಟ್ಸ್ಆ್ಯಪ್‌ನಲ್ಲಿ ಮನೆಯವರಿಗೋ ಕಳಿಸಿ. ನಾಳೆಗೆ ಇಡಬೇಡಿ. 48 ಗಂಟೆ ತೆರೆಯದೆ ಬಿಟ್ಟರೂ ಅದು ಕೋಡ್ ಕೇಳುತ್ತದೆ.

ಇನ್ನೊಂದು ಬಾಗಿಲೂ ಇತ್ತು. 2023ರಲ್ಲಿ ಬಂದ ಐಪ್ಯಾಡ್‌ಓಎಸ್ 17 ಎಂಬ ಐಪ್ಯಾಡ್ ಸಾಫ್ಟ್‌ವೇರ್‌ನಿಂದ ಈಚೆಗೆ, ಕೋಡ್ ಬದಲಾಯಿಸಿದ 72 ಗಂಟೆಯೊಳಗೆ ಹಳೆಯ ಕೋಡ್ ಹಾಕಿ ಹೊಸದನ್ನು ಇಟ್ಟುಕೊಳ್ಳಬಹುದು. ತಪ್ಪು ಕೋಡ್ ಹಾಕಿ ಹಾಕಿ ಲಾಕ್ ಆದ ಮೇಲೆ ಕೆಳಗಿನ ಮೂಲೆಯಲ್ಲಿ ‘ಫರ್ಗಾಟ್ ಪಾಸ್‌ಕೋಡ್’ ಎಂದು ಬರುತ್ತದೆ, ಅದನ್ನು ಮುಟ್ಟಿದರೆ ಹಿಂದಿನ ಪಾಸ್‌ಕೋಡ್ ಹಾಕುವ ಆಯ್ಕೆ ಸಿಗುತ್ತದೆ. ನಿಮಗೆ ಸಮಸ್ಯೆ ಗೊತ್ತಾಗುವ ಹೊತ್ತಿಗೇ ಐದು ದಿನ ದಾಟಿತ್ತು, ಹಾಗಾಗಿ ಆ ಬಾಗಿಲು ಮುಚ್ಚಿದೆ. ಮೊನ್ನೆ ಮೊನ್ನೆ ಕೋಡ್ ಬದಲಾಯಿಸಿ ಮರೆತವರು ಮಾತ್ರ ಬೇರೆ ಏನೂ ಮಾಡುವ ಮೊದಲು ಇದನ್ನು ನೋಡಿ.

ಈಗ ಅಂಗಡಿಯವರ ಮಾತಿಗೆ ಬರುತ್ತೇನೆ. ಏನೂ ಅಳಿಸದೆ ಲಾಕ್ ತೆಗೆಯಲು ಅವರಿಂದ ಯಾಕೆ ಆಗುವುದಿಲ್ಲ?

ಬೀರುವಿನ ಬೀಗ ಒಡೆದರೆ ಒಳಗಿನ ಸೀರೆ ಹಾಗೇ ಸಿಗುತ್ತದೆ, ಅಲ್ವಾ? ಐಪ್ಯಾಡ್ ಲಾಕ್ ಹಾಗಿಲ್ಲ. ಇಲ್ಲಿ ಸೀರೆಯನ್ನು ಎಳೆ ಎಳೆಯಾಗಿ ಬಿಚ್ಚಿ ಕಲಸಿ ಇಟ್ಟಿರುತ್ತಾರೆ. ಯಾವ ಎಳೆ ಎಲ್ಲಿಗೆ ಸೇರಬೇಕು ಅನ್ನುವ ಲೆಕ್ಕ ಎರಡು ತುಂಡಾಗಿರುತ್ತದೆ. ಒಂದು ತುಂಡು ಆ ಐಪ್ಯಾಡ್‌ನ ಚಿಪ್‌ನೊಳಗೇ ಹುಟ್ಟಿನಿಂದ ಕೂತಿರುವ ಒಂದು ಕೀ. ಅದು ಪ್ರತಿ ಐಪ್ಯಾಡ್‌ಗೂ ಬೇರೆ ಬೇರೆ, ಆ್ಯಪಲ್ ಹತ್ತಿರವೂ ಅದರ ಪಟ್ಟಿ ಇಲ್ಲ. ಇನ್ನೊಂದು ತುಂಡು ನೀವು ಹಾಕುವ ಪಾಸ್‌ಕೋಡ್. ಎರಡೂ ಸೇರಿದಾಗ ಮಾತ್ರ ಫೋಟೋ ಫೋಟೋ ಆಗುತ್ತದೆ, ಹಾಡು ಹಾಡಾಗುತ್ತದೆ. ಮೆಮೊರಿ ಚಿಪ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ಓದಿದರೂ ಅರ್ಥವಿಲ್ಲದ ಅಂಕಿಗಳು ಮಾತ್ರ ಸಿಗುತ್ತವೆ.

ಹಾಗಾದರೆ ಕಂಪ್ಯೂಟರ್ ಇಟ್ಟು ಒಂದೊಂದೇ ನಂಬರ್ ಹಾಕಿ ನೋಡಬಹುದಲ್ಲ ಎಂದು ಕೇಳಬಹುದು. ಆರಂಕಿಯ ಕೋಡ್‌ಗೆ ಹತ್ತು ಲಕ್ಷ ಸಾಧ್ಯತೆ ಇದೆ, ಕಂಪ್ಯೂಟರ್‌ಗೆ ಅದೇನೂ ದೊಡ್ಡದಲ್ಲ. ಅದಕ್ಕೇ ಆ ಚಿಪ್‌ನೊಳಗೆ ಕಾವಲುಗಾರನಂಥ ಇನ್ನೊಂದು ಭಾಗ ಇದೆ. ಅದು ತಪ್ಪುಗಳನ್ನು ಎಣಿಸುತ್ತದೆ. ಮೊದಲು ಒಂದು ನಿಮಿಷ ಕಾಯಿಸುತ್ತದೆ, ಆಮೇಲೆ ಐದು, ಹದಿನೈದು, ಕೊನೆಗೆ ಗಂಟೆ. ಹತ್ತು ತಪ್ಪಾದರೆ ಮತ್ತೆ ಕೇಳುವುದೇ ಇಲ್ಲ.

ಪೊಲೀಸರು ತೆರೆಯುತ್ತಾರಲ್ಲ ಎಂದು ಹಲವರು ಕೇಳುತ್ತಾರೆ. 2016ರಲ್ಲಿ ಅಮೆರಿಕದ ಸ್ಯಾನ್ ಬರ್ನಾರ್ಡಿನೊ ಗುಂಡಿನ ದಾಳಿ ಪ್ರಕರಣದಲ್ಲಿ ಒಂದು ಐಫೋನ್ 5ಸಿ ತೆರೆಯಲು ಎಫ್‌ಬಿಐ ಕೋರ್ಟಿಗೇ ಹೋಗಿತ್ತು. ಅದಕ್ಕಾಗಿ ವಿಶೇಷ ಸಾಫ್ಟ್‌ವೇರ್ ಬರೆದುಕೊಡಲು ಆ್ಯಪಲ್ ಒಪ್ಪಲಿಲ್ಲ. ಕೊನೆಗೆ ಎಫ್‌ಬಿಐ ಹೊರಗಿನವರ ಸಹಾಯದಿಂದ ತೆರೆಸಿಕೊಂಡಿತು. ಅದು ಈಗ ಹೇಳಿದ ಕಾವಲುಗಾರ ಚಿಪ್ ಇಲ್ಲದ ಹಳೆಯ ಮಾಡೆಲ್. ತನಿಖಾ ಸಂಸ್ಥೆಗಳ ಹತ್ತಿರ ಇಂಥ ಉಪಕರಣಗಳು ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಅವು ಕೆಲವು ಮಾಡೆಲ್, ಕೆಲವು ವರ್ಷನ್‌ಗಳಿಗೆ ಮಾತ್ರ ನಡೆಯುತ್ತವೆ. ನಮ್ಮಂಥ ರಿಪೇರಿ ಅಂಗಡಿಗಳ ಕೈಗೆ ಬರುವಂಥವಲ್ಲ.

ಅಂಗಡಿಯವರು ಬೇಕಂತಲೇ ಸುಳ್ಳು ಹೇಳುತ್ತಿದ್ದಾರೆ ಎಂದೂ ನಾನು ಅನ್ನುವುದಿಲ್ಲ. ಹಳೆಯ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಒಳಗಿನ ಡೇಟಾ ಹೀಗೆ ಕಲಸಿ ಇರುತ್ತಿರಲಿಲ್ಲ. ಕೇಬಲ್ ಹಾಕಿ ಲಾಕ್ ಫೈಲ್ ಅಳಿಸಿದರೆ ತೆರೆದುಕೊಳ್ಳುವ ಟ್ಯಾಬ್‌ಗಳನ್ನು ನಾನೇ ಎಷ್ಟೋ ಸರಿಮಾಡಿದ್ದೇನೆ. ಆ ಕಾಲದ ಧೈರ್ಯ ಇನ್ನೂ ಕೆಲವರಲ್ಲಿದೆ. ಅನ್‌ಲಾಕ್ ಮಾಡುತ್ತೇವೆ ಎಂದು ಮಾರುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಳು ಮಾಡುವುದೂ ಇಷ್ಟೇ: ಐಪ್ಯಾಡ್ ಅನ್ನು ರಿಕವರಿ ಮೋಡ್‌ಗೆ ಹಾಕಿ, ಪೂರ್ತಿ ಅಳಿಸಿ, ಹೊಸದಾಗಿ ಸಾಫ್ಟ್‌ವೇರ್ ತುಂಬುವುದು. ಲಾಕ್ ಹೋಗುತ್ತದೆ ನಿಜ. ಹಾಡೂ ಹೋಗುತ್ತದೆ. ಇಷ್ಟಾದ ಮೇಲೂ ನಂಬಬೇಕು ಅನ್ನಿಸಿದರೆ, ‘ಒಳಗಿನದು ಏನೂ ಅಳಿಯುವುದಿಲ್ಲ’ ಎಂದು ಬಿಲ್ ಮೇಲೆ ಬರೆದುಕೊಡಲು ಹೇಳಿ, ಫೋಟೋ ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡುತ್ತೇನೆ ಅನ್ನಿ. ಬರೆದುಕೊಡುವವರು ನನಗಂತೂ ಈವರೆಗೆ ಸಿಕ್ಕಿಲ್ಲ.

ಬ್ಯಾಟರಿ ಪೂರ್ತಿ ಖಾಲಿ ಮಾಡಿದರೆ, ವಾರಗಟ್ಟಲೆ ಬಿಟ್ಟರೆ, ಮಾತಿಗೆ ಉತ್ತರಿಸುವ ಆ್ಯಪಲ್‌ನ ‘ಸಿರಿ’ಯನ್ನು ಕೇಳಿದರೆ ತೆರೆಯುತ್ತದೆ ಅನ್ನುವ ವಿಡಿಯೋಗಳು ಓಡಾಡುತ್ತವೆ. ಅವುಗಳ ಹಿಂದೆ ಹೋಗಬೇಡಿ.

ನಿಮ್ಮ ಹತ್ತಿರ ಇನ್ನೂ ಉಳಿದಿರುವುದಕ್ಕೆ ಬರುತ್ತೇನೆ. ‘ಒಂದು ಗಂಟೆ ಬಿಟ್ಟು ಪ್ರಯತ್ನಿಸಿ’ ಅನ್ನುತ್ತಿದೆ ಅಂದರೆ ಅವಕಾಶ ಪೂರ್ತಿ ಮುಗಿದಿಲ್ಲ ಅಂತ ಅರ್ಥ. ಉಳಿದಿರುವುದು ತುಂಬಾ ಕಡಿಮೆ, ಆದರೆ ಉಳಿದಿದೆ. ಅವು ನಾಳೆ ಕಳೆದುಹೋಗುವುದಿಲ್ಲ, ತಿಂಗಳು ಬಿಟ್ಟು ಹಾಕಿದರೂ ಇರುತ್ತವೆ. ಆದ್ದರಿಂದ ಇನ್ನು ಮೇಲೆ ಸುಮ್ನೆ ಒಂದು ನಂಬರನ್ನೂ ಒತ್ತಬೇಡಿ. ಸೆಟ್ಟಿಂಗ್ಸ್‌ನಲ್ಲಿ ಹತ್ತು ತಪ್ಪಾದರೆ ಎಲ್ಲ ಅಳಿಸು ಎಂಬ ಒಂದು ಆಯ್ಕೆಯೂ ಇದೆ. ಸಾಮಾನ್ಯವಾಗಿ ಆಫ್ ಇರುತ್ತದೆ. ಮಗನೋ ಮೊಮ್ಮಗನೋ ಆನ್ ಮಾಡಿದ್ದರೆ ಹತ್ತನೆಯ ತಪ್ಪಿಗೆ ಎಲ್ಲ ಹೋಗುತ್ತದೆ.

ಮೊದಲು ತೆರೆಯ ಮೇಲೆ ಎಷ್ಟು ಚುಕ್ಕೆಗಳಿವೆ ನೋಡಿ. ಆರೋ, ನಾಲ್ಕೋ? ನಾಲ್ಕೇ ಇದ್ದರೆ ಮಗು ನಾಲ್ಕಂಕಿಯ ಕೋಡ್ ಇಟ್ಟಿದ್ದಾನೆ, ಆರಂಕಿ ಯೋಚಿಸಿ ಪ್ರಯೋಜನವಿಲ್ಲ. ಎರಡನೆಯದು, ಹುಟ್ಟಿದ ದಿನ ಅಂದನಲ್ಲ, ನೀವು ಹೇಗೆ ಹಾಕಿದಿರಿ? ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಅಮೆರಿಕದಲ್ಲಿ ಬೆಳೆದ ಮಗು ತಿಂಗಳು ಮೊದಲು ಬರೆಯುತ್ತದೆ. ಆಗಸ್ಟ್ 14 ನಿಮಗೆ 1408, ಅವನಿಗೆ 0814. ಇದೊಂದೇ ಕಾರಣಕ್ಕೆ ಮುಚ್ಚಿಹೋಗಿರಬಹುದು. ಮೂರನೆಯದು, ವಿಡಿಯೋ ಕಾಲ್‌ನಲ್ಲಿ ‘ನಂಬರ್ ಏನು ಹೇಳು’ ಎಂದು ಕೇಳಬೇಡಿ. ಮಕ್ಕಳಿಗೆ ನಂಬರ್‌ಗಿಂತ ಬೆರಳು ಓಡಿದ ದಾರಿ ನೆನಪಿರುತ್ತದೆ. ಐಪ್ಯಾಡ್‌ನಲ್ಲಿರುವ ಹಾಗೇ ಒಂದರಿಂದ ಸೊನ್ನೆಯವರೆಗೆ ಕಾಗದದ ಮೇಲೆ ಬರೆದು ಅವನ ಮುಂದೆ ಇಡಲು ಮಗನಿಗೆ ಹೇಳಿ. ಬೈಯದೆ, ಆಟದ ಹಾಗೆ, ಯೋಚನೆ ಮಾಡದೆ ಒತ್ತಿ ತೋರಿಸಲಿ. ಬೇರೆ ಬೇರೆ ದಿನ ಎರಡು ಮೂರು ಸಲ ಕೇಳಿ. ಒಂದೇ ದಾರಿ ಮತ್ತೆ ಮತ್ತೆ ಬಂದರೆ ಆಗ ಮಾತ್ರ ಹಾಕಿ ನೋಡಿ. ಮಗು ಹೆದರಿದ್ದರೆ ನೆನಪು ಬರುವುದಿಲ್ಲ. ಅವನಿಂದ ತಪ್ಪಾಯಿತು ಎಂದು ಮನೆಯಲ್ಲಿ ಯಾರೂ ಅನ್ನದ ಹಾಗೆ ನೋಡಿಕೊಳ್ಳಿ.

ಇದರ ಜೊತೆಗೇ ಹುಡುಕುವ ಕೆಲಸ ಶುರುವಾಗಲಿ. ನನಗೆ ನಿಜವಾದ ಭರವಸೆ ಇರುವುದು ಇಲ್ಲಿ.

ಐಪ್ಯಾಡ್ ಸೆಟ್ ಮಾಡುವಾಗ ಮಗ ಒಂದು ಆ್ಯಪಲ್ ಖಾತೆ ಹಾಕಿರಬೇಕು, ಹಿಂದೆ ಆ್ಯಪಲ್ ಐಡಿ ಅನ್ನುತ್ತಿದ್ದರು. ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋಟೋಗಳ ಒಂದು ಪ್ರತಿ ಆ್ಯಪಲ್‌ನ ಸರ್ವರ್‌ನಲ್ಲಿ ಇರುತ್ತದೆ. ಮಗ ಅಲ್ಲೇ ಕೂತು ಯಾವುದೇ ಕಂಪ್ಯೂಟರ್‌ನಲ್ಲಿ ಐಕ್ಲೌಡ್ ಡಾಟ್ ಕಾಮ್ ತೆರೆದು, ಆ ಖಾತೆ ಮತ್ತು ಅದರ ಪಾಸ್‌ವರ್ಡ್ ಹಾಕಿ ನೋಡಲಿ. ಆರಂಕಿಯ ಒಂದು ಕೋಡ್ ಕೇಳುತ್ತದೆ. ಅದನ್ನು ಮೆಸೇಜ್‌ನಲ್ಲಿ ಕಳಿಸು ಎಂದು ಆರಿಸಿದರೆ ಖಾತೆಗೆ ಜೋಡಿಸಿದ ಫೋನ್ ನಂಬರ್‌ಗೆ ಬರುತ್ತದೆ. ಆ ನಂಬರ್ ನಿಮ್ಮದಾಗಿರಬಹುದು, ಯಜಮಾನರದ್ದೂ ಆಗಿರಬಹುದು. ಯಜಮಾನರ ಸಿಮ್ ಇನ್ನೂ ಇದ್ದರೆ ದಯವಿಟ್ಟು ಇವತ್ತೇ ರೀಚಾರ್ಜ್ ಮಾಡಿಸಿ. ರೀಚಾರ್ಜ್ ಇಲ್ಲದೆ ಬಿಟ್ಟ ನಂಬರ್ ಸ್ವಲ್ಪ ಕಾಲದ ಮೇಲೆ ಬೇರೆಯವರ ಪಾಲಾಗುತ್ತದೆ, ಆಮೇಲೆ ಆ ಖಾತೆಯೊಳಗೆ ಹೋಗುವುದು ತುಂಬಾ ಕಷ್ಟ.

ಅಲ್ಲಿ ಫೋಟೋ ಕಂಡರೆ ಮೊದಲು ಎಲ್ಲವನ್ನೂ ಡೌನ್‌ಲೋಡ್ ಮಾಡಿ ಎರಡು ಕಡೆ ಇಡಲಿ. ಒಂದನ್ನೂ ಅಳಿಸಬಾರದು. ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ.

ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಅದು ತುಂಬಿದ್ದರೆ ಆಮೇಲೆ ತೆಗೆದ ಫೋಟೋಗಳು ಅಲ್ಲಿಗೆ ಹೋಗಿರುವುದಿಲ್ಲ. ‘ಸ್ಟೋರೇಜ್ ಫುಲ್’ ಎಂದು ಆಗಾಗ ಬರುತ್ತಿತ್ತಾ, ನೆನಪು ಮಾಡಿಕೊಳ್ಳಿ. ಬರುತ್ತಿರಲಿಲ್ಲ ಅಂದರೆ ಒಳ್ಳೆಯ ಸೂಚನೆ. ಫೋಟೋ ಅಲ್ಲದೆ ಇಡೀ ಐಪ್ಯಾಡ್‌ನ ಬ್ಯಾಕಪ್ ಕೂಡ ಇರಬಹುದು. ಬ್ಯಾಕಪ್ ಆನ್ ಇದ್ದರೆ, ಚಾರ್ಜ್‌ಗೆ ಹಾಕಿ ವೈಫೈ ಇರುವಾಗ, ತೆರೆ ಲಾಕ್ ಆಗಿದ್ದರೂ ಅದು ತಾನಾಗಿ ಆಗುತ್ತದೆ. ನಿಮ್ಮದು ಚಾರ್ಜ್ ಮುಗಿಯುವ ತನಕ ಚೆನ್ನಾಗಿಯೇ ನಡೆಯುತ್ತಿತ್ತಲ್ಲ. ಆ ವಾರದ್ದೇ ಬ್ಯಾಕಪ್ ಇದ್ದರೆ ನನಗೆ ಆಶ್ಚರ್ಯವಿಲ್ಲ. ಇದನ್ನು ಮಾತ್ರ ಆರಾಮವಾಗಿ ನೋಡೋಣ ಎಂದು ಬಿಡಬೇಡಿ, ಬ್ಯಾಕಪ್ ನಿಂತ ಮೇಲೆ ಕೊನೆಯ ಪ್ರತಿಯನ್ನು 180 ದಿನ ಮಾತ್ರ ಇಟ್ಟುಕೊಳ್ಳುತ್ತಾರೆ.

ಹಾಡುಗಳ ವಿಷಯ ಸ್ವಲ್ಪ ಬೇರೆ. ಕ್ಯಾಮೆರಾದಲ್ಲಿ ವಿಡಿಯೋ ಮಾಡಿದ್ದರೆ ಅದು ಫೋಟೋಗಳ ಜೊತೆಗೇ ಸಿಗುತ್ತದೆ. ವಾಯ್ಸ್ ಮೆಮೋಸ್ ಎಂಬ ಆ್ಯಪ್‌ನಲ್ಲಿ ಧ್ವನಿ ಮಾತ್ರ ಹಿಡಿದಿದ್ದರೆ ಐಕ್ಲೌಡ್ ಡಾಟ್ ಕಾಮ್‌ನಲ್ಲಿ ಅದು ಕಾಣುವುದೇ ಇಲ್ಲ. ಕಾಣಲಿಲ್ಲ ಅಂತ ಎದೆಗುಂದಬೇಡಿ. ಅದೇ ಖಾತೆಯನ್ನು ಒಂದು ಐಫೋನ್‌ಗೋ ಮ್ಯಾಕ್‌ಗೋ ಹಾಕಿ, ಐಕ್ಲೌಡ್ ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಮೆಮೋಸ್ ಆನ್ ಮಾಡಿ, ಆ ಆ್ಯಪ್ ತೆರೆದು ಸ್ವಲ್ಪ ಹೊತ್ತು ಕಾದರೆ, ಮೊದಲೇ ಐಕ್ಲೌಡ್‌ಗೆ ಹೋಗಿದ್ದ ರೆಕಾರ್ಡಿಂಗ್‌ಗಳು ಅಲ್ಲಿಗೆ ಇಳಿಯುತ್ತವೆ. ಮನೆಯಲ್ಲಿ ಬಳಸದೆ ಇಟ್ಟ ಹಳೆಯ ಐಫೋನ್ ಇದ್ದರೆ ಅದೇ ಸಾಕು.

ಆ್ಯಪಲ್ ಬಿಟ್ಟೂ ಹುಡುಕಿ. ಐಪ್ಯಾಡ್‌ನಲ್ಲಿ ಗೂಗಲ್ ಫೋಟೋಸ್ ಹಾಕಿದ್ದರೆ ನಿಮ್ಮ ಜಿಮೇಲ್‌ನಿಂದ ಬೇರೆ ಫೋನ್‌ನಲ್ಲೇ ನೋಡಬಹುದು. ವರ್ಷಾಂತಿಕದ ಹೊತ್ತಿನಲ್ಲೋ ಹಬ್ಬಕ್ಕೋ ಒಂದು ಹಾಡನ್ನಾದರೂ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿರುತ್ತೀರಿ. ನಿಮ್ಮ ಫೋನ್‌ನಲ್ಲಿ ಅಳಿಸಿಹೋಗಿದ್ದರೂ ನಾದಿನಿಯ ಫೋನ್‌ನಲ್ಲೋ ತಮ್ಮನ ಫೋನ್‌ನಲ್ಲೋ ಉಳಿದಿರುತ್ತದೆ. ಒಬ್ಬೊಬ್ಬರನ್ನೇ ಕೇಳಿ. ಯಜಮಾನರ ಫೋನ್ ಎಲ್ಲಿದೆ? ಅದನ್ನು ಯಾರಿಗಾದರೂ ಕೊಟ್ಟಿದ್ದರೆ ವಾಪಸ್ ಕೇಳಿ ತರಿಸಿಕೊಳ್ಳಿ. ಎರಡು ವರ್ಷದ ಹಿಂದೆ ಒಬ್ಬರು ತೀರಿಕೊಂಡ ತಾಯಿಯ ಧ್ವನಿಗಾಗಿ ಒಂದು ಟ್ಯಾಬ್ ತಂದಿದ್ದರು. ಟ್ಯಾಬ್‌ನಿಂದ ನನಗೆ ಏನೂ ತೆಗೆಯಲು ಆಗಲಿಲ್ಲ. ಕೊನೆಗೆ ಅವರ ಚಿಕ್ಕಮ್ಮನ ಹಳೆಯ ಫೋನ್‌ನಲ್ಲಿ ನಾಲ್ಕು ವಾಯ್ಸ್ ಮೆಸೇಜ್ ಸಿಕ್ಕವು. ಅಂಗಡಿಯಲ್ಲೇ ನಿಂತು ಕೇಳಿಸಿಕೊಂಡರು. ಆ ದಿನದಿಂದ ನಾನು ಕೈಗೆ ಬಂದ ಯಂತ್ರ ಬಿಚ್ಚುವ ಮೊದಲು ಮನೆಯವರ ಫೋನ್‌ಗಳ ಬಗ್ಗೆ ಕೇಳುತ್ತೇನೆ.

ಆ್ಯಪಲ್ ಖಾತೆಯ ಪಾಸ್‌ವರ್ಡೇ ಯಾರಿಗೂ ನೆನಪಿಲ್ಲ ಅಂದರೆ ಅದಕ್ಕೆ ದಾರಿ ಇದೆ. ಜೋಡಿಸಿದ ಫೋನ್ ನಂಬರ್ ಕೈಯಲ್ಲಿದ್ದರೆ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಬೇರೆ ದಾರಿ ಇಲ್ಲದಾಗ ‘ಅಕೌಂಟ್ ರಿಕವರಿ’ ಕೇಳಬೇಕಾಗುತ್ತದೆ. ಅದಕ್ಕೆ ಕೆಲವು ದಿನ ಹಿಡಿಯಬಹುದು, ಅಷ್ಟು ದಿನ ತಾಳ್ಮೆಯಿಂದ ಕಾಯಬೇಕು. ಆ ಪಾಸ್‌ವರ್ಡ್, ಆ ಆರಂಕಿಯ ಕೋಡ್, ಇವೆರಡನ್ನೂ ಅಂಗಡಿಯವರಿಗಾಗಲಿ, ಆ್ಯಪಲ್‌ನಿಂದ ಮಾತಾಡುತ್ತಿದ್ದೇವೆ ಎಂದು ಫೋನ್ ಮಾಡುವವರಿಗಾಗಲಿ ಹೇಳಬೇಡಿ.

ಹುಡುಕಿದ್ದು ಸಿಕ್ಕಿತು, ಎರಡು ಕಡೆ ಇಟ್ಟೂ ಆಯಿತು ಅನ್ನಿ. ಆಗ ಐಪ್ಯಾಡ್ ಅಳಿಸಲು ಹೆದರಬೇಕಿಲ್ಲ. ಐಪ್ಯಾಡ್ ಅಳಿಸಿದ ಮಾತ್ರಕ್ಕೆ ಐಕ್ಲೌಡ್‌ನಲ್ಲಿರುವುದು ಅಳಿಯುವುದಿಲ್ಲ. ಲಾಕ್ ಆದ ತೆರೆಯ ಮೇಲೇ ‘ಇರೇಸ್ ಐಪ್ಯಾಡ್’ ಎಂಬ ಆಯ್ಕೆ ಬರಬಹುದು, ಆದರೆ ಅದಕ್ಕೆ ಇಂಟರ್ನೆಟ್ ಬೇಕು. ನಿಮ್ಮದು ಒಮ್ಮೆ ಆಫ್ ಆಗಿ ಆನ್ ಆಗಿದೆ, ಕೋಡ್ ಹಾಕುವ ತನಕ ಮನೆಯ ವೈಫೈ ಹಿಡಿಯುವುದಿಲ್ಲ. ಆದ್ದರಿಂದ ಕಂಪ್ಯೂಟರ್ ದಾರಿಯೇ ಸರಿ. ಐಪ್ಯಾಡ್ ಆಫ್ ಮಾಡಿ, ದುಂಡು ಬಟನ್ ಒತ್ತಿ ಹಿಡಿದೇ ಕೇಬಲ್‌ನಿಂದ ಕಂಪ್ಯೂಟರ್‌ಗೆ ಜೋಡಿಸಬೇಕು. ತೆರೆಯ ಮೇಲೆ ಕೇಬಲ್, ಕಂಪ್ಯೂಟರ್ ಚಿತ್ರ ಬರುವ ತನಕ ಬಟನ್ ಬಿಡಬಾರದು. ವಿಂಡೋಸ್ ಆದರೆ ಐಟ್ಯೂನ್ಸ್ ಅಥವಾ ಆ್ಯಪಲ್ ಡಿವೈಸಸ್ ಆ್ಯಪ್, ಮ್ಯಾಕ್ ಆದರೆ ಫೈಂಡರ್. ಅಲ್ಲಿ ‘ರಿಸ್ಟೋರ್’ ಆರಿಸಿದರೆ ಸಾಫ್ಟ್‌ವೇರ್ ಇಳಿಯುತ್ತದೆ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಐಪ್ಯಾಡ್ ಆ ರಿಕವರಿ ಮೋಡ್‌ನಿಂದ ಹೊರಗೆ ಬಂದುಬಿಡುತ್ತದೆ. ಡೌನ್‌ಲೋಡ್ ಮುಗಿಯಲಿ, ಆಮೇಲೆ ಬಟನ್ ಹಿಡಿಯುವುದರಿಂದ ಮತ್ತೆ ಶುರುಮಾಡಿ. ಹಳ್ಳಿಯ ನೆಟ್‌ನಲ್ಲಿ ಹೀಗೆ ಆಗೇ ಆಗುತ್ತದೆ, ಗಾಬರಿ ಬೇಡ. ಇಷ್ಟನ್ನು ಯಾವ ರಿಪೇರಿ ಅಂಗಡಿಯವರೂ ಮಾಡಿಕೊಡುತ್ತಾರೆ.

ಆಮೇಲೆ ಅದು ಹಳೆಯ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕದ್ದ ಐಪ್ಯಾಡ್ ಕಳ್ಳನಿಗೆ ಉಪಯೋಗವಾಗಬಾರದು ಎಂದು 2013ರಿಂದ ಇಟ್ಟಿರುವ ಬೀಗ ಇದು. ಖಾತೆ ಮೊದಲೇ ಸರಿಮಾಡಿಕೊಳ್ಳದೆ ಅಳಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ, ಡೇಟಾನೂ ಇಲ್ಲ, ಐಪ್ಯಾಡೂ ಇಲ್ಲ. ಖಾತೆ ಸಿಗದೇ ಹೋದರೆ ಖರೀದಿಯ ಬಿಲ್ ತೋರಿಸಿ ಆ್ಯಪಲ್ ಸಪೋರ್ಟ್‌ನವರನ್ನು ಕೇಳಬಹುದು. ಮಗ ಕೊಂಡ ಅಂಗಡಿಯ ಬಿಲ್ ಅವನ ಇಮೇಲ್‌ನಲ್ಲಿ ಇರುತ್ತದೆ, ಈಗಲೇ ಹುಡುಕಿಡಲಿ.

ಆಂಡ್ರಾಯ್ಡ್ ಟ್ಯಾಬ್ ಇರುವವರಿಗೂ ಕಥೆ ಹೆಚ್ಚು ಕಡಿಮೆ ಇದೇ. ಹಳೆಯ ಆಂಡ್ರಾಯ್ಡ್ 4.4ರ ಕಾಲದಲ್ಲಿ ಪ್ಯಾಟರ್ನ್ ಮರೆತರೆ ಗೂಗಲ್ ಪಾಸ್‌ವರ್ಡ್ ಹಾಕಿ ತೆರೆಯಬಹುದಿತ್ತು, ಈಗ ಅದು ಇಲ್ಲ. ಫ್ಯಾಕ್ಟರಿ ರಿಸೆಟ್ ಮಾಡಿದರೆ ಎಲ್ಲ ಅಳಿಯುತ್ತದೆ, ಆಮೇಲೆ ಹಳೆಯ ಗೂಗಲ್ ಖಾತೆ ಕೇಳುತ್ತದೆ. ಅಳಿಸುವ ಮೊದಲು ಗೂಗಲ್ ಫೋಟೋಸ್ ನೋಡಿ. ಮೆಮೊರಿ ಕಾರ್ಡ್ ಇದ್ದರೆ ತೆಗೆದಿಡಿ.

ಕೊನೆಗೆ, ಅಮ್ಮ, ಎಲ್ಲ ಕಡೆ ಹುಡುಕಿಯೂ ಹಾಡು ಸಿಗಲಿಲ್ಲ ಅಂದರೆ ಐಪ್ಯಾಡ್ ಅಳಿಸಬೇಡಿ. ಬಳಸಲು ಬೇರೆ ಟ್ಯಾಬ್ ತೆಗೆದುಕೊಳ್ಳಿ. ಇದನ್ನು ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧ ಚಾರ್ಜ್ ಮಾಡಿ. ಒಳಗಿರುವುದು ಎಲ್ಲಿಗೂ ಹೋಗುವುದಿಲ್ಲ, ಉಳಿದ ಅವಕಾಶಗಳೂ ಹಾಗೇ ಇರುತ್ತವೆ. ಮುಂದಿನ ರಜೆಗೆ ಮೊಮ್ಮಗ ಬಂದಾಗ ಅದೇ ಜಗಲಿಯಲ್ಲಿ, ಅವನು ಆಟ ಆಡುತ್ತಿದ್ದ ಜಾಗದಲ್ಲೇ ಕೂರಿಸಿ, ಮೊದಲು ಕಾಗದದ ಮೇಲೆ ಒತ್ತಿಸಿ ನೋಡಿ.